ಬೀಳುವ ಮುನ್ನ

ಹೊಸ ವಾಹನವು ಮನೆಗೆ ಬಂದ ದಿನವೇ ಅದು ಬೀಳುವ ಬಗೆಯನ್ನು ಕುರಿತು ಮಾತನಾಡುವುದು ಅಪಶಕುನವೆಂದು ನನ್ನಾಕೆಯ ಅಭಿಪ್ರಾಯ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ ಮೇಲೆ ಇನ್ನಾವ ರಕ್ಷೆ ಬೇಕೆಂಬುದು ಅವಳ ವಾದ. ಆದರೆ 2022ರ ಬೇಸಗೆಯಲ್ಲಿ ನನ್ನ ಮಗನು ಯಮಹಾ ಆರ್15 ಮೋಟಾರು ಸೈಕಲನ್ನು ಅಂಗಳದಲ್ಲಿ ತಂದು ನಿಲ್ಲಿಸಿದ ಮೇಲೆ, ಮೂರು ವಾರಗಳ ಕಾಲ ತಂದೆಮಕ್ಕಳಿಬ್ಬರೂ ಆಡಿದುದು ಅದೇ ಅಪಶಕುನದ ಮಾತು.

ವಾಹನವೇನೋ ಚೆಲುವಾಗಿತ್ತು. 155 ಸಿ.ಸಿ.ಯ ಎಂಜಿನು, 142 ಕಿಲೋ ತೂಕ, ಮೈತುಂಬ ಪ್ಲಾಸ್ಟಿಕ್ಕಿನ ಕವಚ. ಅದನ್ನೇರಿದವನು ಹಿರಿಯರಿಗೆ ನಮಸ್ಕರಿಸುವವನಂತೆ ಮುಂದಕ್ಕೆ ಬಾಗಿರಬೇಕು; ಆ ಮಟ್ಟಿಗೆ ಅದು ನಮ್ಮ ಸಂಪ್ರದಾಯಕ್ಕೆ ಹೊಂದುತ್ತದೆ. ಹೊಂದದಿದ್ದುದು ದಾರಿ. ಕೋಗಿಲಬನದ ನಮ್ಮ ಮನೆಯಿಂದ ಡಾಂಬರು ರಸ್ತೆಯವರೆಗೆ ಕೆಮ್ಮಣ್ಣು. ಆಮೇಲೆ ಹಳಿಯಾಳದ ಕಡೆಗೆ ಹೋದರೆ ಒದ್ದೆ ಬಿದಿರೆಲೆ, ಸೆಗಣಿ, ನಡುರಸ್ತೆಯಲ್ಲಿ ಮೆಲುಕು ಹಾಕುತ್ತ ಮಲಗಿದ ಎಮ್ಮೆ. ಭಾನುವಾರಗಳಂದು ಜೋಯಿಡಾ ದಾಟಿ ಅಣಶಿ ಘಟ್ಟವನ್ನು ಇಳಿಯುವ ಆಸೆ ಬೇರೆ ಅವನಿಗೆ.

ನನ್ನ ತೀರ್ಮಾನ ಮೊದಲೇ ಸಿದ್ಧವಾಗಿತ್ತು: ಉಕ್ಕಿನ ಕೊಳವೆಯ ಗಾರ್ಡು. ಯೌವನದಲ್ಲಿ ನಾನೊಂದು ಯೆಜ್ಡಿಯನ್ನು ಇಟ್ಟುಕೊಂಡಿದ್ದೆ. 1961ರಲ್ಲಿ ಜಾವಾ ತಯಾರಿಕೆಗೆ ತೊಡಗಿ 1996ರಲ್ಲಿ ಬಾಗಿಲೆಳೆದುಕೊಂಡ ಮೈಸೂರಿನ ಕಾರ್ಖಾನೆಯ ಕೂಸು ಅದು. ಗಣೇಶಗುಡಿಯ ಬಳಿ ಒಮ್ಮೆ ಮಳೆಯಲ್ಲಿ ಜಾರಿದಾಗ ಮುಂದಿನ ಕೊಳವೆ ಬಾಗಿತು, ನನ್ನ ಕಾಲು ಉಳಿಯಿತು. ಆ ಡೊಂಕು ಕೊಳವೆಯು ಇಂದಿಗೂ ಹಿತ್ತಿಲಿನಲ್ಲಿ ಹೀರೆಬಳ್ಳಿಗೆ ಆಸರೆಯಾಗಿದೆ. ಇದಕ್ಕಿಂತ ಸಾಕ್ಷ್ಯ ಬೇಕೆ?

“ಅಪ್ಪಾ, ನೀವು ಬಿದ್ದದ್ದು ಇಪ್ಪತ್ತರ ವೇಗದಲ್ಲಿ,” ಎಂದ ಮಗ. ವೇಗವು ಮೂರು ಪಟ್ಟಾದರೆ ಅದರೊಳಗಿನ ಶಕ್ತಿ ಒಂಬತ್ತು ಪಟ್ಟಾಗುತ್ತದೆಂದು ಶಾಲೆಯಲ್ಲಿ ನಾನೇ ಹುಡುಗರಿಗೆ ಕಲಿಸಿದವನು, ಬಾಯಿ ಮುಚ್ಚಿಕೊಳ್ಳಬೇಕಾಯಿತು. ನಿಂತಲ್ಲೇ ವಾಲಿದರೆ, ಮೆಲ್ಲನೆ ಜಾರಿದರೆ ಉಕ್ಕಿನ ಕೊಳವೆ ಒಳ್ಳೆಯದೇ. ವೇಗದಲ್ಲಿ ಬಿದ್ದರೆ ಅದರ ಮೂಲೆ ರಸ್ತೆಯ ಅಂಚನ್ನೋ ಗುಂಡಿಯನ್ನೋ ಕಚ್ಚಿ, ಜಾರಿಹೋಗಬೇಕಾದ ವಾಹನವನ್ನು ಪಲ್ಟಿ ಹೊಡೆಸಬಹುದು. ಹೊಡೆತವನ್ನು ನೇರವಾಗಿ ಚೌಕಟ್ಟಿಗೂ ದಾಟಿಸಬಹುದು. ಆದುದರಿಂದ ಅವನು ಬಯಸಿದುದು ಸ್ಲೈಡರ್ ಎಂಬ ವಸ್ತು: ನೈಲಾನು ಅಥವಾ ಡೆಲ್ರಿನ್ನಿನ ಗಟ್ಟಿ ಗುಂಡಿ. ಎಂಜಿನನ್ನು ಚೌಕಟ್ಟಿಗೆ ಬಿಗಿಯುವ ಬೋಲ್ಟಿನ ಜಾಗದಲ್ಲಿ ಇಕ್ಕೆಲಗಳಲ್ಲೂ ಹೊರಚಾಚಿ ನಿಂತು, ಬಿದ್ದಾಗ ಒಗೆಯುವ ಕಲ್ಲಿನ ಮೇಲಣ ಸಾಬೂನಿನಂತೆ ತಾನು ಸವೆದು ಕವಚವನ್ನು ಉಳಿಸುತ್ತದೆ.

ಕಡಗೋಲಿನ ಬುಡದಂತಿರುವ ಆ ಗುಂಡಿಯನ್ನು ಕಂಡು ನಾನು ನಕ್ಕೆ. ಆದರೆ ದಾಂಡೇಲಿಯ ಮೆಕ್ಯಾನಿಕ್ ಒಬ್ಬನು ನನ್ನ ನಗುವನ್ನು ಬೇರೆ ಕಡೆಗೆ ತಿರುಗಿಸಿದನು. ಗುಂಡಿ ಉದ್ದವಾದಷ್ಟೂ ಅದೊಂದು ಸನ್ನೆಗೋಲು. ಒಂದೇ ಬೋಲ್ಟಿಗೆ ನೇತುಬಿದ್ದಿದ್ದರೆ ಬೋಲ್ಟು ಬಾಗಿ, ಎಂಜಿನಿನ ಅಲ್ಯುಮಿನಿಯಂ ಕಿವಿಯನ್ನೇ ಸೀಳಬಹುದು. ಅಂಥದು ಇಲ್ಲದಿದ್ದರೇ ಲೇಸು. ಗಿಡ್ಡವಾಗಿದ್ದು, ಹಲಗೆಯ ಮೂಲಕ ಭಾರವನ್ನು ಎರಡು ಬೋಲ್ಟುಗಳಿಗೆ ಹಂಚುವಂಥದನ್ನು ಆರಿಸಿರೆಂದನು. ತೀರ ಗಿಡ್ಡವಾದರೂ ಕವಚವೇ ಮೊದಲು ನೆಲ ಮುಟ್ಟುತ್ತದೆ. ಪರೀಕ್ಷೆ ಸುಲಭ: ನಾನು ಒಂದು ನೆಟ್ಟನೆಯ ಅಡಿಕೆ ದಬ್ಬೆಯನ್ನು ಹ್ಯಾಂಡಲಿನ ತುದಿಗೂ ಗುಂಡಿಗೂ ತಾಗಿಸಿ ಹಿಡಿದು ನೋಡಿದೆ, ನಡುವೆ ಬಣ್ಣದ ಕವಚಕ್ಕೆ ದಬ್ಬೆ ಸೋಂಕಬಾರದು. ಕ್ಲಚ್ಚಿನ ಹಿಡಿಯ ಪಟ್ಟಿಯನ್ನು ತೀರ ಬಿಗಿಯದೆ, ಬಿದ್ದಾಗ ಮುರಿಯುವ ಬದಲು ತಿರುಗುವಷ್ಟು ಸಡಿಲು ಬಿಡುವ ಹಳಬರ ಉಪಾಯವನ್ನೂ ಅವನೇ ಹೇಳಿಕೊಟ್ಟನು. ಅಂತೂ ಎಲ್ಲವನ್ನೂ ಅಳೆದು ಸುರಿದು ಕೂಡಿಸಿದೆವು.

ಶ್ರಾವಣದ ಒಂದು ಸಂಜೆ ಮಗನು ವಾಹನವನ್ನು ತಳ್ಳಿಕೊಂಡು ಮನೆಗೆ ಬಂದನು. ತಿರುವಿನಲ್ಲಿ ಎಲೆಯ ಮೇಲೆ ಜಾರಿದ್ದನಂತೆ. ನಾನು ಮೊದಲು ಬಗ್ಗಿ ನೋಡಿದುದು (ನಾಚಿಕೆಯಿಂದಲೇ ಬರೆಯುತ್ತಿದ್ದೇನೆ) ವಾಹನವನ್ನು. ಎಡಗಡೆಯ ಗುಂಡಿ ಅರ್ಧ ಬೆರಳಿನಷ್ಟು ಸವೆದಿತ್ತು. ಕವಚಕ್ಕೆ ಗೀರೂ ಇರಲಿಲ್ಲ. “ಭಲೇ!” ಎಂದು ತಲೆಯೆತ್ತಿದಾಗ, ಅವನ ಎರಡೂ ಅಂಗೈಗಳ ಚರ್ಮ ಎದ್ದುಹೋಗಿದ್ದುದೂ ಹರಿದ ಷರಾಯಿಯೊಳಗಿನಿಂದ ಮೊಣಕಾಲು ಕೆಂಪಗೆ ಇಣುಕುತ್ತಿದ್ದುದೂ ಕಂಡವು. ತಾಯಿ ಅರಿಸಿನ ಕಲಸಲು ಒಳಗೆ ಓಡಿದಳು. ನಾನು ಅವನನ್ನು ದಾಂಡೇಲಿಯ ಡಾಕ್ಟರ ಬಳಿಗೆ ಕರೆದೊಯ್ದೆ. ಮೂರು ವಾರಗಳ ನಮ್ಮ ಶಾಸ್ತ್ರಾರ್ಥದಲ್ಲಿ ಅಂಗೈಯ ಮಾತು ಒಮ್ಮೆಯೂ ಬಂದಿರಲಿಲ್ಲ.

ತಲೆಗೆ ಏನೂ ಆಗಿರಲಿಲ್ಲ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದೇ ಅಪರಾಧ. ಅಂಥ ಗುರುತಿನದೊಂದು ಅವನ ತಲೆಯ ಮೇಲಿತ್ತು. ಇದರ ಹಿಂದೆಯೂ ಒಬ್ಬ ಮನುಷ್ಯನ ಸಾವಿದೆ. 1935ರಲ್ಲಿ ಅರೇಬಿಯಾದ ಲಾರೆನ್ಸನು ಮೋಟಾರು ಸೈಕಲಿನಿಂದ ಬಿದ್ದು ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡನು. ಆತನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸನು ಮುಂದೆ ಸೈನ್ಯದ ಸವಾರರ ತಲೆಯ ಗಾಯಗಳನ್ನು ಅಭ್ಯಸಿಸಿ, 1941ರಲ್ಲಿ ಶಿರಸ್ತ್ರಾಣದ ಪರವಾಗಿ ಬರೆದನು. ಕಾನೂನು ತಲೆಯನ್ನು ನೋಡಿಕೊಂಡಿತು. ಕೈಕಾಲುಗಳನ್ನು ನಾವು ನೋಡಿಕೊಳ್ಳಬೇಕಿತ್ತು.

ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋಗಿ ಕೈಗವಸು, ಜಾಕೆಟ್ಟು, ಮೊಣಕಾಲಿನ ಕವಚಗಳನ್ನು ಕೊಂಡೆವು. ಯುರೋಪಿನ ಪರೀಕ್ಷೆಯಲ್ಲಿ ಅಂಥ ಕವಚಗಳ ಮೇಲೆ ಗೊತ್ತಾದ ಭಾರವನ್ನು ಬೀಳಿಸಿ, ಕೆಳಕ್ಕೆ ದಾಟುವ ಬಲವನ್ನು ಅಳೆಯುತ್ತಾರೆ. ಮೊದಲ ದರ್ಜೆಯದು ಸರಾಸರಿ 35 ಕಿಲೋ ನ್ಯೂಟನ್ನಿನವರೆಗೂ ಬಿಡಬಹುದು, ಎರಡನೆಯದು 20ಕ್ಕಿಂತ ಹೆಚ್ಚು ಬಿಡಬಾರದು. ನಾವು ಎರಡನೆಯದನ್ನೇ ತಂದೆವು. ಸ್ಲೈಡರಿಗಿಂತ ಬಹಳ ಹೆಚ್ಚು ಹಣವಾಯಿತು. ಸವೆದ ಗುಂಡಿಯನ್ನೂ ಅದರ ಬೋಲ್ಟನ್ನೂ ಬದಲಿಸಿದೆವು.

ಮನೆಗೆ ತಂದ ಗಂಟನ್ನು ನನ್ನಾಕೆ ಬಿಚ್ಚಿ ನೋಡಿದಳು. ಏನೂ ಮಾತನಾಡದೆ ದೇವರ ಮನೆಯಿಂದ ಭರಣಿಯನ್ನು ತಂದು, ಎರಡೂ ಮೊಣಕಾಲಿನ ಕವಚಗಳಿಗೆ ಒಂದೊಂದು ಬೊಟ್ಟು ಕುಂಕುಮವಿಟ್ಟಳು.