ದೇವತೆಗಳ ನಗರ, ಮೆತ್ತನೆಯ ನೆಲ

ಹೊರಗಿನವರಿಗೆ ಅದು ಬ್ಯಾಂಕಾಕ್. ಥಾಯ್ ಜನರ ಬಾಯಲ್ಲಿ ‘ಕ್ರುಂಗ್ ಥೇಪ್’, ಎಂದರೆ ದೇವತೆಗಳ ನಗರ. ಊರಿನ ಪೂರ್ಣ ಹೆಸರು ಒಂದು ಸ್ತೋತ್ರದಷ್ಟು ಉದ್ದ. ಅದರಲ್ಲಿ ಇಂದ್ರನಿದ್ದಾನೆ, ವಿಶ್ವಕರ್ಮನಿದ್ದಾನೆ, ಅಯೋಧ್ಯೆಯೂ ಇದೆ!

1782ರಲ್ಲಿ ಮೊದಲನೆಯ ರಾಮ ದೊರೆ ಚಾವೊ ಫ್ರಯಾ ನದಿಯ ಪೂರ್ವದಂಡೆಯಲ್ಲಿ ಈ ರಾಜಧಾನಿ ಕಟ್ಟಿದ. ನದಿಯ ತಿರುವಿಗೆ ಕಾಲುವೆಗಳನ್ನು ಜೋಡಿಸಿದ್ದರಿಂದ ಹಳೆಯ ನಗರ ದ್ವೀಪದಂತಾಯಿತು. ‘ಕ್ಲೋಂಗ್’ ಎನ್ನುವ ಈ ಕಾಲುವೆಗಳೇ ಅಂದಿನವರಿಗೆ ಬೀದಿ, ಅವೇ ಸಂತೆ.

ನದಿಯ ಪಶ್ಚಿಮದಂಡೆಯಲ್ಲಿರುವುದು ಸೂರ್ಯನ ಸಾರಥಿಯ ಹೆಸರಿನ ವಾಟ್ ಅರುಣ್. ಇದರ ಎತ್ತರದ ಗೋಪುರಕ್ಕೆ ಮೈತುಂಬ ಪಿಂಗಾಣಿ ಚೂರುಗಳ ಅಲಂಕಾರ. ಚೀನಾದ ಹಡಗುಗಳು ತಳಭಾರಕ್ಕೆಂದು ತುಂಬಿ ತರುತ್ತಿದ್ದ ಪಿಂಗಾಣಿಯೇ ಹೀಗೆ ಹೂವಾಗಿ ಅರಳಿತೆಂದು ಹೇಳುತ್ತಾರೆ. ಎದುರು ದಂಡೆಯ ವಾಟ್ ಫೋದಲ್ಲಿ 46 ಮೀಟರ್ ಉದ್ದದ ಬುದ್ಧ ಮಲಗಿದ್ದಾನೆ. ಅರಮನೆಯ ಆವರಣದ ವಾಟ್ ಫ್ರ ಕೇವ್‌ನಲ್ಲಿರುವ ‘ಪಚ್ಚೆಯ ಬುದ್ಧ’ನ ಎತ್ತರವಾದರೋ ಕೇವಲ 66 ಸೆಂಟಿಮೀಟರ್. ಹೆಸರಿಗೆ ಪಚ್ಚೆ, ನಿಜಕ್ಕೆ ಬೇರೊಂದು ಹಸಿರು ಶಿಲೆ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವರ್ಷಕ್ಕೆ ಮೂರು ಸಲ ಇವನಿಗೆ ಉಡುಪು ಬದಲಿಸುವುದು ದೊರೆಯ ಕರ್ತವ್ಯ. ಸುತ್ತಲಿನ ಪ್ರಾಕಾರದ 178 ಭಿತ್ತಿಚಿತ್ರಗಳಲ್ಲಿ ಥಾಯ್ ರಾಮಾಯಣ ‘ರಾಮಕಿಯನ್’ ಮೂಡಿದೆ.

ಆದರೆ ಈ ವೈಭವವೆಲ್ಲ ನಿಂತಿರುವುದು ನದಿ ತಂದು ಹಾಸಿದ ಮೆತ್ತನೆಯ ಜೇಡಿಯ ಮೇಲೆ. ಸಮುದ್ರಮಟ್ಟಕ್ಕಿಂತ ಈ ನೆಲ ಎತ್ತರವಿರುವುದು ಸರಾಸರಿ ಒಂದೂವರೆ ಮೀಟರ್ ಮಾತ್ರ. ಇಪ್ಪತ್ತನೆಯ ಶತಮಾನದಲ್ಲಿ ರಸ್ತೆಗಳಿಗಾಗಿ ಅನೇಕ ಕಾಲುವೆಗಳನ್ನು ಮುಚ್ಚಲಾಯಿತು. ನೀರಿಗಾಗಿ ಕೊಳವೆಬಾವಿಗಳನ್ನು ಕೊರೆಯಲಾಯಿತು. ಆಳದ ಮರಳುಪದರದ ನೀರನ್ನು ಹೀರಿದಂತೆಲ್ಲ ಒತ್ತಡ ತಗ್ಗಿ, ನಡುವಿನ ಜೇಡಿಪದರಗಳು ತಮ್ಮ ನೀರನ್ನು ಬಿಟ್ಟುಕೊಟ್ಟು ಅಮುಕಿಕೊಂಡವು. ನೆಲ ಕುಸಿಯಿತು. 1980ರ ಸುಮಾರಿಗೆ ಕೆಲವು ಕಡೆ ಈ ಕುಸಿತ ವರ್ಷಕ್ಕೆ 10 ಸೆಂಟಿಮೀಟರ್ ದಾಟಿತ್ತು. ಕಾನೂನು, ಶುಲ್ಕಗಳ ಹಿಡಿತದಿಂದ ಅದರ ವೇಗವೇನೋ ತಗ್ಗಿದೆ. ಅಮುಕಿದ ಜೇಡಿ ಮಾತ್ರ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. 2011ರ ಮಹಾಪೂರದಲ್ಲಿ ನಗರದ ಎಷ್ಟೋ ಬಡಾವಣೆಗಳು ವಾರಗಟ್ಟಲೆ ನೀರಿನಲ್ಲಿ ನಿಂತವು.

ಆ ಪಾಠ ವ್ಯರ್ಥವಾಗಲಿಲ್ಲ. 2017ರಲ್ಲಿ ತೆರೆದ ಚುಲಾಲಾಂಗ್‌ಕಾರ್ನ್ ಶತಮಾನೋತ್ಸವ ಉದ್ಯಾನವನ್ನು ಇಳಿಜಾರಾಗಿಯೇ ಕಟ್ಟಿದ್ದಾರೆ. ಅದು ಸುಮಾರು 38 ಲಕ್ಷ ಲೀಟರ್ ಮಳೆನೀರನ್ನು ಹಿಡಿದಿಡಬಲ್ಲದು. 1837ರಲ್ಲಿ ತೋಡಲು ತೊಡಗಿದ ಸೇನ್ ಸೇಪ್ ಕಾಲುವೆಯಲ್ಲಿ ಜನ ಇಂದಿಗೂ ದೋಣಿ ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಪಕ್ಕದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುವಾಗ, ಆ ದೋಣಿ ಮಾತ್ರ ನೀರು ಚಿಮ್ಮಿಸುತ್ತ ಮುಂದೆ ಸಾಗುತ್ತದೆ.