ಶಿಲ್ಕು ಮುಂದಕ್ಕೆ ಒಯ್ಯಬೇಕು

(1/4)
ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ಮೇಲಿನ ಸಾಲು ಓದ್ರಿ. ಯಾವ ಯೂನಿವರ್ಸಿಟಿ ಹೆಸರೈತಿ? ಮನೆಯಲ್ಲಿ ಡಿಗ್ರಿ ಮಾಡಿದ ಅಕ್ಕ, ಕಾಕಾ, ದೊಡ್ಡಪ್ಪ ಇದ್ರೆ ಅವರದೂ ನೋಡ್ರಿ. ಎಲ್ಲರೂ ಗಂಗಾವತಿಯಲ್ಲೇ ಓದಿದ್ರೂ ಹೆಸರು ಬೇರೆ ಬೇರೆ ಇರ್ತೈತಿ.

ನಮ್ಮೂರು ಇದ್ದಲ್ಲೇ ಐತಿ. ಯೂನಿವರ್ಸಿಟಿ ಮಾತ್ರ ಬದಲಾಗ್ತಾ ಬಂತು. 1956ರ ತನಕ ನಾವು ಹೈದರಾಬಾದ್ ರಾಜ್ಯದವರು, ಆಗ ನಮ್ಮ ಸೀಮೆಗೆ ಉಸ್ಮಾನಿಯಾ. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಲ್ಲಿ ಗುಲಬರ್ಗಾ. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ. 2023ರಲ್ಲಿ ತಳಕಲ್‌ನಲ್ಲಿ ನಮ್ಮದೇ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯ್ತು. ಎರಡು ವರ್ಷ ತುಂಬೋದ್ರೊಳಗೆ, 2025ರ ಫೆಬ್ರುವರಿಯಲ್ಲಿ, ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂತ ಸಚಿವ ಸಂಪುಟದ ಉಪಸಮಿತಿ ಹೇಳ್ತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು.

ಅವತ್ತು ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಒಂದೇ ಮಾತು: "ಹಂಗಾದ್ರ ನಮ್ಮ ಡಿಗ್ರಿ?"

ಯೂನಿವರ್ಸಿಟಿನೇ ಬದಲಾದ್ರೆ ಸಾವಿರಾರು ಜನ ಒಟ್ಟಿಗೆ ಇರ್ತೀವಿ, ಪೇಪರ್‌ನಲ್ಲಿ ಬರ್ತೈತಿ, ಸರ್ಕಾರ ಉತ್ತರ ಕೊಡಲೇಬೇಕು. ಒಬ್ಬಳೇ ಬದಲಾಗ್ಬೇಕಾದಾಗ ಯಾರೂ ಕೇಳಲ್ಲ. ಈ ಸರಣಿ ಆ ಒಬ್ಬಳಿಗಾಗಿ.

(2/4)
ಗಂಗಾವತಿಯಿಂದ ಹೊಳೆ ದಾಟಿ ಕಂಪ್ಲಿಗೆ ಹೋದ್ರೆ ಬಳ್ಳಾರಿ ಯೂನಿವರ್ಸಿಟಿ. ಈ ಕಡೆ ಕಾರಟಗಿ ದಾಟಿ ಸಿಂಧನೂರಿಗೆ ಹೋದ್ರೆ ರಾಯಚೂರು ಯೂನಿವರ್ಸಿಟಿ. ಎರಡೂ ಬಸ್ಸಿನ ದಾರಿ. ಡ್ಯಾಂನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗೋದು ನಮಗೆಲ್ಲ ಗೊತ್ತು. ಸೇತುವೆ ಮುಳುಗದಿದ್ದಾಗಲೂ ಅಲ್ಲೊಂದು ಗಡಿ ಐತಿ ಅನ್ನೋದು ಕಾಲೇಜು ಬದಲಿಸಬೇಕಾದವರಿಗೆ ಮಾತ್ರ ಕಾಣ್ತೈತಿ.

ನನ್ನ ಬೆಂಚ್‌ಮೇಟ್‌ಗೆ ಕಂಡಿತು. ನಾಲ್ಕನೇ ಸೆಮ್ ನಡೆದಾಗ ಲಗ್ನ ಆಯ್ತು, ಗಂಡನ ಮನೆ ಸಿಂಧನೂರು. ಪರೀಕ್ಷೆ ಬರೆದಳು, ಎಲ್ಲಾ ಪಾಸ್. ಅತ್ತೆ ಮನೆಯವರು "ಓದಬ್ಯಾಡ" ಅಂದಿರಲಿಲ್ಲ. "ಇಲ್ಲೇ ಹತ್ರ ಎಲ್ಲಾದ್ರೂ ಸೇರ್ಕೋ" ಅಂದಿದ್ರು. ಆ ಕಡೆಯ ಒಂದು ಕಾಲೇಜಿನ ಕೌಂಟರ್‌ನಲ್ಲಿ ಕೇಳಿದಾಗ ಬಂದ ಉತ್ತರ: "ನಿಮ್ದು ಬೇರೆ ಯೂನಿವರ್ಸಿಟಿ. ಮೊದಲನೇ ವರ್ಷದಿಂದ ಮಾಡ್ರಿ."

ಎರಡು ವರ್ಷ. ನಾಲ್ಕು ಸೆಮ್. ಕಾಸ್ಟ್ ಅಕೌಂಟಿಂಗ್‌ಗೆ ನಾವಿಬ್ಬರೂ ರಾತ್ರಿ ಫೋನ್ ಸ್ಪೀಕರ್‌ಗೆ ಹಾಕ್ಕೊಂಡು ಲೆಕ್ಕ ಬಿಡಿಸಿದ್ದು. ಎಲ್ಲಾ ಸೊನ್ನೆನಾ?

ಲೆಡ್ಜರ್‌ನಲ್ಲಿ ಒಂದು ಪುಟ ಮುಗಿದ್ರೆ ಏನು ಮಾಡ್ತೀವಿ? ಆಖೈರು ಶಿಲ್ಕು ಬರೆದು ಮುಂದಿನ ಪುಟಕ್ಕೆ ಒಯ್ತೀವಿ. ಅಲ್ಲಿ ಅದು ಆರಂಭ ಶಿಲ್ಕು. ಪುಟ ಬದಲಾಯ್ತು ಅಂತ ಯಾವ ಗುಮಾಸ್ತನೂ ಸೊನ್ನೆಯಿಂದ ಶುರು ಮಾಡಲ್ಲ. ಓದಿಗೆ ಮಾತ್ರ ಯಾಕೆ ಹಂಗೆ?

(3/4)
ಇದನ್ನೇ ಸರಿಮಾಡೋಕೆ ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂತು, ಎಬಿಸಿ. ಕಾಲೇಜಿನವರು ಅಪಾರ್ ಐಡಿ ಮಾಡಿಸ್ರಿ ಅಂತ ಬೆನ್ನು ಹತ್ತಿದ್ರಲ್ಲ, ಅದು ಇದರ ಖಾತೆ ನಂಬರ್, 12 ಅಂಕಿ. ವಾರಕ್ಕೆ ಒಂದು ಗಂಟೆ ಪಾಠ, ಒಂದು ಸೆಮ್ ಪೂರ್ತಿ ಆದ್ರೆ ಒಂದು ಕ್ರೆಡಿಟ್. ನೀವು ಪಾಸಾದ ಕ್ರೆಡಿಟ್ಟನ್ನು ಸಂಸ್ಥೆಯವರು ನಿಮ್ಮ ಖಾತೆಗೆ ಜಮಾ ಮಾಡ್ತಾರೆ, ನಾವೇ ಹಾಕೋಕೆ ಬರಲ್ಲ. ಗರಿಷ್ಠ ಏಳು ವರ್ಷ ಅದು ಅಲ್ಲೇ ಇರ್ತೈತಿ.

ಬ್ಯಾಂಕ್ ಅಂತ ಹೆಸರಿದೆ ಅಂತ ನೋಟು ಅನ್ಕೋಬೇಡ್ರಿ. ನೋಟು ಎಲ್ಲಾ ಕಡೆ ನಡೀತೈತಿ. ಕ್ರೆಡಿಟ್ ಚೆಕ್ ಇದ್ದಂಗೆ, ಆ ಕಡೆಯವರು ಪಾಸ್ ಮಾಡಬೇಕು. ನೀವು ಓದಿದ ಪೇಪರ್, ಅವರ ಪೇಪರ್, ಎರಡರ ಸಿಲಬಸ್ ಹೋಲಿಸಿ ಸಮ ಅಂತ ಒಪ್ಪಬೇಕು.

ಇಲ್ಲೇ ನಮ್ಮ ಬ್ಯಾಚಿಗೆ ಒಂದು ತೊಡಕೈತಿ. 2023ರಲ್ಲಿ ಸೇರಿದ ನಾವು ಎನ್‌ಇಪಿ ಸಿಲಬಸ್. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದ್ಧತಿಗೆ ಬಂದು ಜೂನಿಯರ್ಸ್‌ಗೆ ಬೇರೆ ಸಿಲಬಸ್ ಕೊಟ್ಟಿತು. "ಒಂದು ವರ್ಷ ಬಿಟ್ಟು ಆಮೇಲೆ ನೋಡೋಣ" ಅಂದ್ರೆ ಕಾಲೇಜು ಅದೇ ಇದ್ದರೂ ಕ್ಲಾಸಿನಲ್ಲಿ ನಡೆಯೋ ಪೇಪರ್ ನಿಮ್ಮದಲ್ಲ. ಗ್ಯಾಪ್ ಬಿಡೋದು ಹಿಂಗೆ ದುಬಾರಿ.

ಇನ್ನೊಂದು ನಿಯಮ. ಪದವಿ ಯಾರು ಕೊಡ್ತಾರೋ ಅವರಲ್ಲೇ ಕನಿಷ್ಠ ಶೇ. 50 ಕ್ರೆಡಿಟ್ ಗಳಿಸಿರಬೇಕು ಅಂತ 2021ರ ಎಬಿಸಿ ನಿಯಮ ಹೇಳ್ತೈತಿ. ಆರೂ ಸೆಮ್ ಸಮ ಅಂತ ಹಿಡಿದು ಲೆಕ್ಕ ಹಾಕ್ರಿ. ಎರಡು ಸೆಮ್ ಮುಗಿಸಿ ಹೋದ್ರೆ ಹೊಸ ಕಡೆ ನಾಲ್ಕು ಉಳೀತಾವು, ಸಾಕು. ಮೂರು ಮುಗಿಸಿ ಹೋದ್ರೆ ಸರಿ ಅರ್ಧ. ನಾಲ್ಕು ಮುಗಿಸಿ ಹೋದ್ರೆ ಉಳಿಯೋದು ಮೂರನೇ ಒಂದು ಭಾಗ. ಸಾಲಲ್ಲ.

ನನ್ನ ಬೆಂಚ್‌ಮೇಟ್ ನಾಲ್ಕು ಮುಗಿಸಿದ್ದಳು.

ಯುರೋಪ್‌ನಲ್ಲಿ ಒಂದು ದೇಶದಲ್ಲಿ ಓದಿದ ಕ್ರೆಡಿಟ್ ಇನ್ನೊಂದು ದೇಶಕ್ಕೆ ಒಯ್ಯೋ ಪದ್ಧತಿ 1989ರಿಂದ ಐತಿ, ವರ್ಷಕ್ಕೆ 60 ಕ್ರೆಡಿಟ್ ಅಂತ ಎಲ್ಲರಿಗೂ ಒಂದೇ ಅಳತೆ. ಗಂಗಾವತಿಯಿಂದ ಸಿಂಧನೂರಿಗೆ ಒಯ್ಯೋಕೆ ನಾವು ಇಷ್ಟು ಲೆಕ್ಕ ಹಾಕ್ಬೇಕು.

(4/4)
ಆದ್ರೆ ಲೆಕ್ಕ ಹಾಕಿದ್ದಕ್ಕೇ ದಾರಿ ಸಿಕ್ತು. ಬೇರೆ ಯೂನಿವರ್ಸಿಟಿಗೆ ಹೋಗೋದು ಕಷ್ಟ ಅಂದ್ರೆ, ಅದೇ ಯೂನಿವರ್ಸಿಟಿಯೊಳಗೆ ಅವಳ ಮನೆಗೆ ಹತ್ತಿರ ಯಾವ ಊರೈತಿ? ಕಾರಟಗಿ. ಸಿಂಧನೂರು ರಸ್ತೆಯಲ್ಲೇ ಐತಿ, ಕೊಪ್ಪಳ ಜಿಲ್ಲೆ. ಅಲ್ಲಿ ಸೇರಿದ್ರೆ ಯೂನಿವರ್ಸಿಟಿ ಅದೇ, ಸಿಲಬಸ್ ಅದೇ, ಪೇಪರ್ ಹೋಲಿಸೋ ಮಾತೇ ಇಲ್ಲ. ಕಾಲೇಜು ಮಾತ್ರ ಬದಲು. ಬಸ್ ಚಾರ್ಜ್? 2023ರ ಜೂನ್‌ನಿಂದ ನಮಗೆ ಶಕ್ತಿ ಯೋಜನೆ ಐತಿ, ಆಧಾರ್ ತೋರಿಸಿದ್ರೆ ಸೊನ್ನೆ ಟಿಕೆಟ್. ಐದನೇ ಸೆಮ್‌ಗೆ ಅವಳು ಕಾರಟಗಿಯಲ್ಲಿ ಸೇರಿದಳು. ಬೆಳಗ್ಗೆ ಅಡುಗೆ ಮಾಡಿಟ್ಟು ಬಸ್ ಹಿಡೀತಾಳೆ. ಸುಲಭ ಅಂತ ಅವಳೂ ಹೇಳಲ್ಲ, ನಾನೂ ಹೇಳಲ್ಲ. ಬಿಟ್ಟಿಲ್ಲ, ಅಷ್ಟೇ.

ನಿಮಗೂ ಬದಲಿಸೋ ಪ್ರಸಂಗ ಬಂದ್ರೆ:

👉 ಟಿಸಿ ಮೊದಲೇ ತಗೋಬೇಡ್ರಿ. ಸೇರೋ ಕಾಲೇಜಿನಲ್ಲಿ ಸೀಟು ಐತಾ, ತಗೋತಾರಾ ಅಂತ ಮೊದಲು ಕೇಳ್ರಿ. ಆದಷ್ಟು ಬರವಣಿಗೆಯಲ್ಲಿ ತಗೋರಿ.
👉 ಒಂದೇ ಯೂನಿವರ್ಸಿಟಿಯೊಳಗಾ, ಹೊರಗಾ? ಹೊರಗಾದ್ರೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕಾಗ್ತೈತಿ, ಸಿಲಬಸ್ ಪ್ರತಿಗಳೂ ಜೊತೆಗಿರಲಿ.
👉 ವರ್ಷದ ನಡುವೆ ಅಲ್ಲ, ವರ್ಷದ ಆರಂಭದಲ್ಲಿ ಹೋಗ್ರಿ. ಹೋಗೋದಾದ್ರೆ ಎರಡನೇ ಸೆಮ್ ಮುಗಿದ ಕೂಡ್ಲೇ ಒಳ್ಳೇದು.
👉 ಇವತ್ತೇ ಡಿಜಿಲಾಕರ್ ತೆಗೆದು ಎಬಿಸಿ ಖಾತೆ ನೋಡ್ರಿ. ಮುಗಿಸಿದ ಸೆಮ್‌ನ ಕ್ರೆಡಿಟ್ ಅಲ್ಲಿ ಇಲ್ಲ ಅಂದ್ರೆ ಈಗಲೇ ಆಫೀಸ್‌ನಲ್ಲಿ ಕೇಳ್ರಿ.
👉 ಕೌಂಟರ್‌ನಲ್ಲಿ ಒಬ್ಬರು "ಆಗಲ್ಲ" ಅಂದ್ರೆ ಅದು ಒಬ್ಬರ ಮಾತು. "ಯಾವ ನಿಯಮ, ತೋರಿಸ್ರಿ ಸರ್" ಅಂತ ಮೆತ್ತಗೆ ಕೇಳ್ರಿ. ಪ್ರಿನ್ಸಿಪಾಲರನ್ನ ಕೇಳ್ರಿ. ಯೂನಿವರ್ಸಿಟಿಗೆ ಅರ್ಜಿ ಹಾಕಿ ಸ್ವೀಕೃತಿ ತಗೋರಿ.

ಹುಡುಗರಿಗೂ ಇದು ಬರ್ತೈತಿ: ಅಪ್ಪನಿಗೆ ಆರಾಮಿಲ್ಲದಾಗ, ಬೆಂಗಳೂರಿನ ರೂಮ್ ಬಾಡಿಗೆ ಕಟ್ಟೋಕೆ ಆಗದಾಗ. ಆದ್ರೆ ನಮ್ಮ ಕಡೆ ಹೆಚ್ಚು ಖಾಲಿ ಆಗೋದು ಹುಡುಗಿಯರ ಬೆಂಚು. ಯಾರೂ ಬಲವಂತ ಮಾಡಿ ಬಿಡಿಸಿರಲ್ಲ. ದಾರಿ ಗೊತ್ತಿಲ್ಲದೇ ಒಂದು ವರ್ಷ ಹೋಗ್ತೈತಿ, ಆಮೇಲೆ ಎರಡು, ಆಮೇಲೆ ಕೇಳೋರೇ ಇರಲ್ಲ.

ಸೇವ್ ಮಾಡಿಟ್ಕೋರಿ. ಲಗ್ನ ಗೊತ್ತಾಗಿರೋ ಗೆಳತಿ ಇದ್ರೆ ಶೇರ್ ಮಾಡ್ರಿ. ಸೀರೆ ಬಣ್ಣದ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಕೇಳ್ರಿ: "ನಿಂದು ಎಷ್ಟು ಸೆಮ್ ಮುಗೀತು? ಆ ಊರು ಯಾವ ಯೂನಿವರ್ಸಿಟಿಗೆ ಬರ್ತೈತಿ?"

#ಗಂಗಾವತಿ #ಕೊಪ್ಪಳ #ಬಿಕಾಂ #ಕಾರಟಗಿ #ಸಿಂಧನೂರು #ಓದುಬಿಡಬೇಡ