ಹೆಬ್ಬಾಗಿಲು ಮತ್ತು ದಿಡ್ಡಿ

ಕೋಟೆ ಕಟ್ಟಿಸುವವನಿಗೆ ಬಾಗಿಲಿನ ವಿಷಯದಲ್ಲಿ ಎರಡು ಆಸೆ. ದೂರದಿಂದ ಬರುವವನಿಗೆ ಅದನ್ನು ಕಂಡ ಕೂಡಲೇ ಇದು ಯಾರ ಕೋಟೆ ಎಂದು ಗೊತ್ತಾಗಿ ಎದೆ ಝಲ್ಲೆನ್ನಬೇಕು. ಒಳಗೇ ಬದುಕುವವರು ಮಾತ್ರ ಸೌದೆ, ಹುಲ್ಲು, ಹಾಲು ಹೊತ್ತು ದಿನಕ್ಕೆ ಹತ್ತು ಸಲ ಸಲೀಸಾಗಿ ಓಡಾಡುವಂತಿರಬೇಕು. ಆನೆ ಗುದ್ದಿದರೂ ಅಲ್ಲಾಡದ ಕದವನ್ನು ಹಾಲಿನವಳೊಬ್ಬಳಿಗಾಗಿ ನಾಲ್ಕು ಜನ ಸೇರಿ ತಳ್ಳುವುದು ಆಗುವ ಮಾತಲ್ಲ. ಹಾಗಾಗಿ ಹಿಂದಿನವರು ಹೆಬ್ಬಾಗಿಲಿನ ಕದದಲ್ಲೇ ಒಬ್ಬರು ತಲೆ ತಗ್ಗಿಸಿ ನುಸುಳುವಷ್ಟು ಚಿಕ್ಕ ಬಾಗಿಲೊಂದನ್ನು ಇಟ್ಟರು. ಅದೇ ದಿಡ್ಡಿ. ನಮ್ಮ ಸೀಮೆಯ ಮಧುಗಿರಿ ಕೋಟೆಯಲ್ಲಂತೂ ಅಂತರಾಳದ ಬಾಗಿಲು, ಮೈಸೂರು ಬಾಗಿಲುಗಳ ಜೊತೆಗೆ ದಿಡ್ಡಿ ಬಾಗಿಲೆಂದೇ ಹೆಸರಾದ ದ್ವಾರವೊಂದಿದೆ. ಹೆಬ್ಬಾಗಿಲು ಮೆರವಣಿಗೆಗೆ, ದಿಡ್ಡಿ ದಿನದ ಬಾಳಿಗೆ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಚನ್ನರಾಯನದುರ್ಗದ ಮೇಲೆ. ಕೊರಟಗೆರೆ ತಾಲ್ಲೂಕಿನ ಈ ಬೆಟ್ಟ ಸಮುದ್ರಮಟ್ಟದಿಂದ 3,700 ಅಡಿಗೂ ಮಿಕ್ಕಿ ಎತ್ತರ. ಬೆಂಗಳೂರಿನ ಸುತ್ತಲ ನವದುರ್ಗಗಳಲ್ಲಿ ಇದನ್ನೂ ಎಣಿಸುತ್ತಾರೆ. ಮಧುಗಿರಿಯ ಏಕಶಿಲೆಗೆ ಬರುವಷ್ಟು ಜನ ಇಲ್ಲಿಗೆ ಬರುವುದಿಲ್ಲ, ಅದೇ ಇದರ ಸುಖ. ಬಂಡೆಯ ಇಳಿಜಾರು, ಲಂಟಾನದ ಪೊದೆ, ಗೋಡೆ, ಬಾಗಿಲು. ಮತ್ತೆ ಗೋಡೆ, ಮತ್ತೆ ಬಾಗಿಲು. ಬಾಗಿಲಿನ ಕಲ್ಲುಚೌಕಟ್ಟು ಇನ್ನೂ ಗತ್ತಿನಲ್ಲೇ ನಿಂತಿರುತ್ತದೆ, ಪಕ್ಕದ ಗೋಡೆ ಎಂದೋ ಕುಸಿದಿರುತ್ತದೆ. ನಾನು ಮರ್ಯಾದಸ್ಥನಂತೆ ಬಾಗಿಲಲ್ಲೇ ಹೋಗುತ್ತೇನೆ. ಮೇಕೆಗಳು ಕುಸಿದ ಕಡೆ ನೆಗೆದು ನನಗಿಂತ ಮುಂಚೆ ಮೇಲಿರುತ್ತವೆ. ವಿಂಡೋಸ್ 98ರ ಕಾಲದ ಕಂಪ್ಯೂಟರುಗಳು ನೆನಪಾದವು. ಹೆಸರು ಹೇಳು, ಪಾಸ್‌ವರ್ಡ್ ಹೇಳು ಎಂದು ಗಂಭೀರವಾಗಿ ಕೇಳುತ್ತಿದ್ದವು. ಗೊತ್ತಿಲ್ಲವೇ? ಕ್ಯಾನ್ಸಲ್ ಒತ್ತಿದರಾಯಿತು, ಒಳಗೆ! ಬಾಗಿಲು ಕಟ್ಟಿ ಗೋಡೆ ಮರೆತ ಕೋಟೆ ಅದು.

ಬೆಟ್ಟದ ಮೇಲೆ ಸಿಗ್ನಲ್ ಮಾತ್ರ ಸೊಗಸು. ನೆರಳು ನೋಡಿ ಕೂತು, ವಿಮೆಯ ಕಂತು ಕಟ್ಟಿಬಿಡೋಣ ಎಂದು ಫೋನು ತೆಗೆದೆ. ಮೊದಲು ಕಂಪನಿಯ ಲಾಂಛನ ಮೊಗ್ಗಾಗಿ ಬಂದು ಹೂವಾಗಿ ಅರಳಿತು. ಆಮೇಲೆ ಯಾವುದೋ ಸಮುದ್ರತೀರದಲ್ಲಿ ನಗುನಗುತ್ತಾ ಓಡುವ ಒಂದು ಸಂಸಾರ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ನಾಯಿ. ಅವರ ತಲೆಯ ಮೇಲೆ ಘೋಷವಾಕ್ಯ. ಕಾಲಡಿಯಲ್ಲಿ ಹೊಸ ಪಾಲಿಸಿಯ ಜಾಹೀರಾತು. ಹಳೇ ಪಾಲಿಸಿಗೆ ದುಡ್ಡು ಕಟ್ಟಲು ಬಂದವನು ಎಲ್ಲಿ ನುಸುಳಬೇಕು? ಪುಟವನ್ನು ತಳ್ಳಿ ತಳ್ಳಿ ಕೊನೆಗೆ ಡಬ್ಬಿ ಸಿಕ್ಕಿತು. ಬಿಳಿಯ ಮೇಲೆ ತಿಳಿಬೂದು ಅಕ್ಷರ, ಕಂಪನಿಯ ನಾಜೂಕಿನ ಬಣ್ಣವಂತೆ. ಬಿಸಿಲಿಗೆ ಅದು ಇದ್ದೂ ಇಲ್ಲ. ಒಳಗೆ ಏನು ಬರೆಯಬೇಕೆಂಬ ಸೂಚನೆ ಡಬ್ಬಿಯೊಳಗೇ ಇತ್ತು, ಬರೆಯತೊಡಗಿದ ಕೂಡಲೇ ಮಾಯವಾಯಿತು. ಕೆಳಗಿನಿಂದ ಕೀಬೋರ್ಡು ಮೇಲೆದ್ದು ಬಂದು ‘ಮುಂದೆ’ ಎಂಬ ಗುಂಡಿಯನ್ನು ಮುಚ್ಚಿ ಕೂತಿತು. ಸಮುದ್ರತೀರದ ಸಂಸಾರ ಮಾತ್ರ ಮೇಲೆ ಓಡುತ್ತಲೇ ಇತ್ತು.

ಹೀಗೇಕಾಗುತ್ತದೆ ಎಂಬುದು ಊಹಿಸಲಾಗದ ಸಂಗತಿಯೇನಲ್ಲ. ಒಂದು ತಂತ್ರಾಂಶದಲ್ಲಿ ನೂರು ಪುಟಗಳಿದ್ದರೂ ಎಲ್ಲರೂ ತಪ್ಪದೆ ನೋಡುವುದು ಲಾಗಿನ್ ಪುಟವನ್ನು. ಆದ್ದರಿಂದ ಜಾಹೀರಾತು ವಿಭಾಗಕ್ಕೆ ಅಲ್ಲಿ ಜಾಗ ಬೇಕು, ಕಾನೂನು ವಿಭಾಗಕ್ಕೆ ಎರಡು ಸಾಲು ಬೇಕು, ದೊಡ್ಡವರಿಗೆ ಲಾಂಛನ ಇನ್ನಷ್ಟು ದೊಡ್ಡದಾಗಬೇಕು. ಸರ್ಕಾರಿ ಪುಟಗಳ ವೈಭವ ಇನ್ನೊಂದು ಬಗೆ. ನಡುವೆ ಗಂಡಭೇರುಂಡ, ಅದರ ಆಚೀಚೆ ಆನೆಯ ಮೊಗ ಸಿಂಹದ ಮೈ ಹೊತ್ತ ಶರಭಗಳು, ಪಕ್ಕದಲ್ಲಿ ಮಂತ್ರಿಗಳ ಭಾವಚಿತ್ರ, ಕೆಳಗೆ ಓಡುವ ಪ್ರಕಟಣೆ. ಇವರಲ್ಲಿ ಯಾರನ್ನೂ ತಪ್ಪು ಎನ್ನಲಾಗದು. ಎಲ್ಲರೂ ತಂತಮ್ಮ ಹೆಬ್ಬಾಗಿಲನ್ನು ಶೃಂಗರಿಸುತ್ತಿದ್ದಾರೆ. ದಿಡ್ಡಿಯ ಪರವಾಗಿ ಸಭೆಯಲ್ಲಿ ಕೂತವರು ಯಾರೂ ಇಲ್ಲ, ಅಷ್ಟೆ.

ಹಾಗಂತ ಲಾಂಛನವನ್ನೇ ಕಿತ್ತೊಗೆಯಿರಿ ಎಂದು ಬೆಟ್ಟದಿಂದ ಇಳಿಯುವಾಗ ತೀರ್ಪು ಕೊಟ್ಟುಕೊಂಡಿದ್ದವನಿಗೆ, ಕೆಳಗೆ ಹೋಬಳಿಯ ಸೇವಾಕೇಂದ್ರದಲ್ಲಿ ಬೇರೆಯೇ ನ್ಯಾಯ ಕಾದಿತ್ತು. ಪಿಂಚಣಿ ವಿಚಾರಿಸಲು ಬಂದಿದ್ದ ಅಜ್ಜಿಯೊಬ್ಬರನ್ನು ಕಂಪ್ಯೂಟರಿನ ಹುಡುಗ ಕೇಳುತ್ತಿದ್ದ:

“ದುಡ್ಡು ಯಾವ ಬ್ಯಾಂಕಿಗೆ ಬತ್ತೈತಜ್ಜಿ?”

“ಅದೇ ಕಣಪ್ಪ, ನೀಲಿ ಗುಂಡುಗಿರ್ತೈತಲ್ಲ, ಮಧ್ಯ ತೂತು. ಮೈಸೂರ್ ಬ್ಯಾಂಕು.”

ಹುಡುಗನಿಗೆ ಅಷ್ಟೇ ಸಾಕಾಯಿತು. ನನಗೆ ಮಾತ್ರ ಯೋಚನೆ ಹತ್ತಿತು. ಆ ನೀಲಿ ಗುಂಡನ್ನು 1971ರಲ್ಲಿ ಸ್ಟೇಟ್ ಬ್ಯಾಂಕಿಗಾಗಿ ರೂಪಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್. ನೋಡಿದರೆ ಬೀಗದ ಕಿಂಡಿಯ ಹಾಗೇ ಇದೆ. 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನ ಬಳಗ ಸೇರಿದ ಮೇಲೆ ಅದೇ ಗುರುತನ್ನು ಹೊತ್ತಿತ್ತು. 2017ರ ಏಪ್ರಿಲ್ 1ರಂದು ಬ್ಯಾಂಕೇ ಅದರಲ್ಲಿ ಲೀನವಾಯಿತು. ಪಾಸ್‌ಬುಕ್ಕಿನ ಮೇಲಿನ ಹೆಸರು ಹೋಯಿತು, ಗುಂಡು ಉಳಿಯಿತು. ಅಜ್ಜಿಯ ಪಾಲಿಗೆ ಬ್ಯಾಂಕು ಇದ್ದಲ್ಲೇ ಇದೆ. ಓದು ಬಾರದವರಿಗೆ ಲಾಂಛನ ಅಲಂಕಾರವಲ್ಲ, ಅದೇ ಅಕ್ಷರ. ಈ ದೇಶ ಅದನ್ನು ಮೊದಲ ಮಹಾಚುನಾವಣೆಯಲ್ಲೇ ಅರಿತಿತ್ತು. 1951–52ರಲ್ಲಿ ಮತದ ಪೆಟ್ಟಿಗೆಗಳ ಮೇಲೆ ಜೋಡೆತ್ತು, ಗುಡಿಸಲು, ಮರ ಅಂಟಿಸಿ ಇಟ್ಟಾಗ, ಅಕ್ಷರ ಕಲಿಯದ ಕೋಟ್ಯಂತರ ಜನ ಸರಿಯಾದ ಪೆಟ್ಟಿಗೆಯನ್ನೇ ಹುಡುಕಿಕೊಂಡರು.

ಅಂದಮೇಲೆ ಗುರುತು ಬೇಕು. ಎಷ್ಟು ಬೇಕು ಎಂಬುದೇ ಪ್ರಶ್ನೆ. ಗುರುತು ಹತ್ತುವಷ್ಟು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಬೇಡ ಎನ್ನುತ್ತೇನೆ ನಾನು. ಏಕೆಂದರೆ ಗುರುತು ಭರವಸೆ ಕೊಡುತ್ತದೆಯೇ ಹೊರತು ಸಾಕ್ಷಿ ಹೇಳುವುದಿಲ್ಲ. ಮೋಸದ ಪುಟ ಕಟ್ಟುವವನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಸುಲಭವಾಗಿ ಕದಿಯುವುದು ಲಾಂಛನವನ್ನೇ. ಅಸಲಿ ಬ್ಯಾಂಕು ಲಾಂಛನವನ್ನು ದೊಡ್ಡದು ಮಾಡಿದರೆ ಅವನೂ ಅಷ್ಟೇ ದೊಡ್ಡದು ಮಾಡುತ್ತಾನೆ. ಅವನಿಗೇನು, ಕಾಸು ಖರ್ಚಿಲ್ಲ.

ಈ ಲೆಕ್ಕವನ್ನು ನನ್ನ ಕಣ್ಣಿಗೆ ಅತ್ಯಂತ ಚೆನ್ನಾಗಿ ಮಾಡಿರುವುದು ಯುಪಿಐ. ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಡ್ಲೇಕಾಯಿ ಕೊಂಡು ದುಡ್ಡು ಹಾಕುವಾಗ ಗಮನಿಸಿ. ಫೋನ್‌ಪೇ ನೇರಳೆ, ಪೇಟಿಎಂ ನೀಲಿ, ಒಂದೊಂದಕ್ಕೂ ಒಂದೊಂದು ಠೀವಿ, ಒಂದೊಂದು ಸದ್ದು. ಆದರೆ ಪಿನ್ ಒತ್ತುವ ಪುಟ ಬಂದೊಡನೆ ಎಲ್ಲ ಬಣ್ಣವೂ ಅಡಗುತ್ತದೆ. ಯಾವ ಆ್ಯಪಿನಿಂದ ಬಂದರೂ ರಾಷ್ಟ್ರೀಯ ಪಾವತಿ ನಿಗಮದವರ ಅದೇ ಸಪ್ಪೆ ಪುಟ. ನಿಮ್ಮ ಬ್ಯಾಂಕಿನ ಹೆಸರು, ಯಾರಿಗೆ, ಎಷ್ಟು, ಪಿನ್ನಿಗೆ ಖಾಲಿ ಜಾಗ, ಕೆಳಗೆ ಅಂಕಿಗಳು. ಓಡುವ ಸಂಸಾರವಿಲ್ಲ, ನಾಯಿಯಿಲ್ಲ. ದುಡ್ಡು ಕೈಬಿಡುವ ಆ ಗಳಿಗೆಯಲ್ಲಿ ಮನುಷ್ಯನಿಗೆ ಬೇಕಾದದ್ದು ಎರಡೇ ಮಾತು, ಯಾರಿಗೆ ಮತ್ತು ಎಷ್ಟು ಎಂಬುದು. ನೂರಾರು ಕೋಟಿ ಸುರಿದು ಹೆಸರು ಬೆಳೆಸಿಕೊಂಡ ಕಂಪನಿಗಳೂ ಆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬದಿಗೆ ನಿಲ್ಲುತ್ತವೆ. ಪಾವಗಡದ ತಿರುಮಣಿಯ ಕಡೆ ಸೋಲಾರ್ ಪಾರ್ಕಿಗೆ ಹೊಲ ಗುತ್ತಿಗೆ ಕೊಟ್ಟ ರೈತನಿಗೂ, ಶಿರಾದ ಬಟ್ಟೆ ಅಂಗಡಿಯವನಿಗೂ, ಬೆಂಗಳೂರಿನ ಇಂಜಿನಿಯರಿಗೂ ಒಂದೇ ದಿಡ್ಡಿ.

ಇದಕ್ಕಿಂತ ಮುಂಚೆ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇನ್ನೊಂದು ದಿಡ್ಡಿ ತೆರೆದಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಪ್ರತಿಯೊಂದಕ್ಕೆ 15 ರೂಪಾಯಿ ಎಂದು ಕೊಡತೊಡಗಿದಾಗ, ದಾಖಲೆ ತಿದ್ದುವ ನೌಕರರು ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಸಹಿ ಬಾರದವನ ಗುರುತೆಂದು ನಾವು ಹಗುರವಾಗಿ ಕಂಡಿದ್ದ ಬೆರಳೊತ್ತು, ಎಲ್ಲ ಪಾಸ್‌ವರ್ಡಿಗಿಂತ ಗಟ್ಟಿ ಬೀಗದ ಕೈಯಾಗಿ ಮರಳಿತು. ಈಗ ಕೋಟ್ಯಧೀಶನ ಫೋನೂ ಅದಕ್ಕೇ ತೆರೆದುಕೊಳ್ಳುವುದು.

ಒಳ್ಳೆಯ ದಿಡ್ಡಿ ಕೊರೆಯುವುದು ಬ್ರಹ್ಮವಿದ್ಯೆಯಲ್ಲ. ಅಕ್ಷರಕ್ಕೂ ಅದರ ಹಿಂದಿನ ಬಣ್ಣಕ್ಕೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ಅಂತರವಿರಲಿ ಎಂದು ಜಾಲಪುಟಗಳ ಜಾಗತಿಕ ಮಾರ್ಗಸೂಚಿ 2008ರಿಂದಲೂ ಹೇಳುತ್ತಿದೆ. ಡಬ್ಬಿಯ ಹೆಸರು ಡಬ್ಬಿಯ ಹೊರಗಿರಲಿ. ಕೀಬೋರ್ಡು ಎದ್ದರೂ ಗುಂಡಿ ಕಾಣಲಿ. ಒತ್ತಿದ ಪಾಸ್‌ವರ್ಡನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಲು ಬಿಡಿ. ಲಾಂಛನ ಮೇಲೆ, ಚಿಕ್ಕದಾಗಿ, ಸದಾ ಒಂದೇ ಜಾಗದಲ್ಲಿ, ಒಂದೇ ಬಣ್ಣದಲ್ಲಿ ಇರಲಿ. ಹಬ್ಬಕ್ಕೊಂದು ವೇಷ ಹಾಕಿಸಿದರೆ, ನೀಲಿ ಗುಂಡನ್ನು ನಂಬಿದ ಅಜ್ಜಿ ಬಾಗಿಲಿಗೆ ಬಂದು ಮನೆ ತಪ್ಪಿತೆಂದು ಹಿಂದಿರುಗುತ್ತಾರೆ. ಬಾಗಿಲಲ್ಲಿ ಯಾರೂ ತಡೆದು ನಿಲ್ಲದಿದ್ದರೆ ಅದೇ ಮನೆಗೆ ಬಂದ ದೊಡ್ಡ ಹೆಸರು. ಅದನ್ನು ಯಾವ ಚಿತ್ರವೂ ತಂದುಕೊಡದು.

ಆದರೂ ಯಾರಿಗಾದರೂ ಅನುಮಾನವಿದ್ದರೆ ನನ್ನದೊಂದು ಸಲಹೆ. ಪುಟ ಸಿದ್ಧವಾದ ಮೇಲೆ ತಣ್ಣನೆಯ ಕೋಣೆಯ ದೊಡ್ಡ ಪರದೆಯ ಮೇಲೆ ಒಪ್ಪಿಗೆ ಹಾಕಬೇಡಿ. ಗಾಜು ಬಿರಿದ ಅಗ್ಗದ ಫೋನೊಂದಕ್ಕೆ ಹಾಕಿಸಿಕೊಂಡು ನಡುಮಧ್ಯಾಹ್ನ ಈ ಕಡೆ ಬನ್ನಿ. ಸಂತೆಯಲ್ಲಿ ಯಾರ ಕೈಗಾದರೂ ಕೊಟ್ಟು, ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ. ‘ಲೋಗೋ ಸ್ವಲ್ಪ ದೊಡ್ಡದು ಮಾಡಿ’ ಎಂದ ಸಾಹೇಬರನ್ನೂ ಜೊತೆಗೆ ಕರೆತನ್ನಿ. ಆದರೆ ಅವರು ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರಬೇಕು; ಇಡೀ ಪರೀಕ್ಷೆಯಲ್ಲಿ ಕಷ್ಟದ ಭಾಗ ಅದೊಂದೇ.